ನಾಗೇಶಣ್ಣ ತಿರುಗಿಸಿದ ನಟ್ಟು

ನಾಗೇಶಣ್ಣ ನೆಲದ ಮೇಲೆ ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಬೈಕಿನ ಮೇಲೆ ಕೂತೋ, ಮೆಟ್ಟಿಲ ಮೇಲಿನಿಂದಲೋ ಮಾತು. ಫೋಟೋಗೆ ಕರೆದರೆ ಫೋನ್ ಕಸಿದುಕೊಂಡು, "ನಾನು ತೆಗೀತೀನಿ, ನೀವು ನಿಂತ್ಕೊಳ್ಳಿ" ಎನ್ನುತ್ತಿದ್ದ. ಅವನು ಕುಳ್ಳ. ಅದನ್ನು ಮೊದಲು ಹೇಳಿ ನಗಿಸುತ್ತಿದ್ದವನೂ ಅವನೇ.

ಭದ್ರಾವತಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುತ್ತಾನೆಂದು ಹೆಸರು. ನಾನು ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ಬಸ್ ತಪ್ಪಿದರೆ, "ಹತ್ತು ಮಾರಾಯ್ತಿ, ನಿನ್ನ ಪಾಠ ತಪ್ಪಿದ್ರೆ ದೇಶ ಮುಳುಗುತ್ತೆ" ಎಂದು ಬೈಕಿನಲ್ಲಿ ಬಿಟ್ಟುಬರುತ್ತಿದ್ದ.

ಹೆಣ್ಣು ನೋಡಿ ಬಂದ ಮನೆಗಳಿಂದೆಲ್ಲ ಒಂದೇ ಉತ್ತರ: ಹುಡುಗ ಗಿಡ್ಡ. ಕೊನೆಗೆ ಯಾವುದೋ ದೂರದ ಆಸ್ಪತ್ರೆಗೆ ಹೋಗಿ ಆಂಬುಲೆನ್ಸಿನಲ್ಲಿ ಬಂದಿಳಿದ. ಎರಡೂ ಮೊಣಕಾಲ ಕೆಳಗೆ ಉಕ್ಕಿನ ಬಳೆಗಳು. ಅವುಗಳಿಂದ ಹೊರಟ ತಂತಿಗಳು ಚರ್ಮ ತೂರಿ ಮೂಳೆಗೆ ಇಳಿದಿದ್ದವು. ಕತ್ತರಿಸಿದ ಮೂಳೆಯ ತುಂಡುಗಳನ್ನು ದಿನವೂ ಕೊಂಚ ಕೊಂಚ ದೂರ ಮಾಡಿದರೆ ನಡುವೆ ಹೊಸ ಮೂಳೆ ಕಟ್ಟಿ ಕಾಲು ಉದ್ದವಾಗುತ್ತದಂತೆ. ಅದಕ್ಕೆ ಬಳೆಗಳ ನಟ್ಟನ್ನು ಸ್ಪಾನರಿನಿಂದ ತಿರುಗಿಸಬೇಕು. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ನಟ್ಟು ತಿರುಗ್ಸೋದನ್ನ ನನಗೆ ಹೇಳಿಕೊಡ್ತಾರಲ್ಲೇ!" ಎಂದು ನಕ್ಕ.

ಆ ಕಾಲುಗಳು ಬಚ್ಚಲ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಬೀದಿಯವರು ನೋಡಬಾರದೆಂದು ಕಿಟಕಿಯನ್ನೂ ತೆಗೆಯಗೊಡಲಿಲ್ಲ. ಸೆಕೆ, ಔಷಧದ ವಾಸನೆ, ಮಂಚ. ಅಷ್ಟರಲ್ಲಿ ಕಾರ್ಖಾನೆಯ ರಜೆ ಮುಗಿಯುತ್ತಾ ಬಂತು. ಅವನು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ತಿರುಗಿಸತೊಡಗಿದ.

"ಯಾಕಣ್ಣ ಅವಸರ?"

"ಸಲೀಸಾಗಿ ಬರ್ತಾ ಇದೆ ಕಣೇ. ಕಬ್ಬಿಣನೇ ನನ್ನ ಮಾತು ಕೇಳುತ್ತೆ. ಇದು ನನ್ನದೇ ಕಾಲು."

ಒಂದು ಬೆಳಿಗ್ಗೆ ಅವನಮ್ಮ ಗೋಡೆ ಬಡಿದರು. ಓಡಿದೆ. ಅವನ ಮೈ ಸುಡುತ್ತಿತ್ತು. ತಂತಿ ಹೊಕ್ಕಲ್ಲೆಲ್ಲ ಕೀವು. ಬಲಪಾದ ಜೋತುಬಿದ್ದಿತ್ತು, ಎತ್ತಲು ಆಗುತ್ತಿರಲಿಲ್ಲ. ಸಿಕ್ಕಿದ್ದು ಆಟೋ. ಅದರೊಳಗೂ ಕಾಲುಗಳು ಹಿಡಿಸಲಿಲ್ಲ. ಹೊರಗೆ ಚಾಚಿ, ನಾನು ಬಳೆಗಳನ್ನು ಹಿಡಿದುಕೊಂಡು ಶಿವಮೊಗ್ಗಕ್ಕೆ ಹೊರಟೆವು. ರಸ್ತೆಯ ಪ್ರತಿ ಉಬ್ಬಿಗೂ ಅವನ ಕೂಗು. ಒಂದು ಬಸ್ಸಂತೂ ಪಾದಕ್ಕೆ ತಾಗಿಯೇಬಿಟ್ಟಿತು ಎನ್ನುವಷ್ಟು ಹತ್ತಿರ ಹಾದುಹೋಯಿತು. ಒಳಗೆಳೆದುಕೊಳ್ಳಲು ಜಾಗವಿಲ್ಲ, ಬಿಡಲೂ ಆಗದು. ಈಗಲೂ ಕಣ್ಣು ಮುಚ್ಚಿದರೆ ಆ ಬಸ್ಸು ಬರುತ್ತದೆ.

ಶಿವಮೊಗ್ಗದ ಡಾಕ್ಟರು ಎಕ್ಸ್‌ರೇ ನೋಡಿ ನಿಟ್ಟುಸಿರು ಬಿಟ್ಟರು. "ಮೂಳೆ ಕಟ್ಟೋಕೆ ಟೈಮೇ ಕೊಟ್ಟಿಲ್ಲ ನೀವು. ಮೂಳೆ ಎಳೆದಷ್ಟು ಬೇಗ ನರ ಹಿಗ್ಗಲ್ಲಪ್ಪ. ಈಗ ವಾಪಸ್ ತಿರುಗಿಸ್ಬೇಕು."

"ವಾಪಸ್ ಬೇಡ ಸಾರ್. ಇಷ್ಟು ನೋವು ತಿಂದಿದ್ದು..."

"ಕಾಲೇ ಹೋಗುತ್ತೆ ಕಣೋ!" ಅವನಮ್ಮ ಚೀರಿದರು. "ಯಾರಿಗೆ ಬೇಕಿತ್ತೋ ನಿನ್ನ ಎತ್ತರ?"

ಅವನು ಗೋಡೆಯ ಕಡೆ ಮುಖ ತಿರುಗಿಸಿ, ಆಗಲಿ ಎಂದು ಕೈ ಆಡಿಸಿದ. ಪಾದ ಮತ್ತೆ ಏಳುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು, "ಏಳಬಹುದು. ಕಾಯಬೇಕು" ಎಂದಷ್ಟೇ ಹೇಳಿದರು.

ಕೆಲವು ತಿಂಗಳ ಮೇಲೆ ನಾವು ಶಿವಮೊಗ್ಗಕ್ಕೆ ಮನೆ ಬದಲಿಸಿದೆವು. ಹೊರಡುವ ಮುನ್ನ ಹೇಳಿಹೋಗಲು ಹೋದೆ. ಕೀವು ವಾಸಿಯಾಗಿತ್ತು, ಮೂಳೆ ಇನ್ನೂ ಗಟ್ಟಿಯಾಗದೆ ಬಳೆಗಳು ಹಾಗೇ ಇದ್ದವು. ಅಮ್ಮ ಒಳಗಿದ್ದದ್ದನ್ನು ನೋಡಿಕೊಂಡು ಅವನು ಹೊದಿಕೆ ಸರಿಸಿದ.

"ಹೆಬ್ಬೆರಳು ನೋಡು. ಅಲ್ಲಾಡ್ತಾ ಇದೆಯಾ? ಅಮ್ಮನ್ನ ಕೇಳಿದ್ರೆ ಹ್ಞೂಂ ಅಂತಾಳೆ. ನೀನು ಸುಳ್ಳು ಹೇಳಬೇಡ."

ಹಲ್ಲು ಕಚ್ಚಿದ. ಕತ್ತಿನ ನರಗಳು ಉಬ್ಬಿದವು. ನಾನು ಬಗ್ಗಿ ನೋಡಿದೆ.

"ಇಲ್ಲಣ್ಣ."

ತಲೆಯಾಡಿಸಿದ. ಬೆವರು ಒರೆಸಿಕೊಂಡು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದ.

"ಇರು, ಹೋಗಬೇಡ. ಇನ್ನೊಂದ್ಸಲ ನೋಡು."