ಮೂರು ಹೆಜ್ಜೆ ಹಿಂದೆ ನಿಂತು ಕರೆದದ್ದು

ಪುಕ್ಕಟೆ ಸಿಗುವ ಯಾವುದನ್ನೂ ನಾನು ನಂಬಿದವಳಲ್ಲ. ಹೊಸೂರಿನಲ್ಲಿ ಒಮ್ಮೆ ಪುಕ್ಕಟೆ ಕಣ್ಣಿನ ತಪಾಸಣೆ ಎಂದು ಕೂರಿಸಿ, ಎದ್ದು ಬರುವಷ್ಟರಲ್ಲಿ ಅತ್ತೆಯ ಮೂಗಿನ ಮೇಲೆ ಬೇಡದ ಕನ್ನಡಕ ಏರಿಸಿ ಕಳಿಸಿದ್ದರು. ಹಾಗಾಗಿ ಮೂರನೇ ಕ್ಲಾಸಿನ ನನ್ನ ಮಗಳ ಟೀಚರ್ ಕೆಲಮಂಗಲ ರಸ್ತೆಯ ನಮ್ಮ ಮನೆ ಹುಡುಕಿಕೊಂಡು ಬಂದು, ಬಣ್ಣದ ಪುಸ್ತಕವೊಂದನ್ನು ಕೈಗಿಟ್ಟು ದುಡ್ಡೇನೂ ಬೇಡ ಎಂದಾಗ, ಮೊದಲು ಕೊನೆಯ ಪುಟ ತಿರುಗಿಸಿದೆ. ಅಂದುಕೊಂಡಂತೆ ಇತ್ತು: ಹರಿದು ಕೊಡಬೇಕಾದ ಒಂದು ಫಾರಂ, ಅದರ ಕೆಳಗೆ ಹೆತ್ತವರ ಸಹಿ.

ಪುಸ್ತಕ ತಮಿಳಿನಲ್ಲಿತ್ತು. ಮಕ್ಕಳ ಆರೋಗ್ಯ, ಮನಸ್ಸು, ತೊಂದರೆ ಇರುವ ಮಕ್ಕಳು ಎಲ್ಲರ ಜೊತೆಗೇ ಕಲಿಯುವುದು ಹೇಗೆ, ಇಂಥವು. ಪಕ್ಕದ ಮನೆಯ ಹುಡುಗಿಗೆ ಕೊಡದ ಪುಸ್ತಕ ನಮಗೇ ಯಾಕೆ ಎಂದು ಕೇಳಿದೆ. ನಿಮ್ಮ ಮಗಳು ಕರೆದರೆ ಮಾತಾಡುವುದಿಲ್ಲ, ಸಹಿ ಹಾಕಿದರೆ ಒಂದು ಪರೀಕ್ಷೆ ಮಾಡಿಸೋಣ ಎಂದರು. ಕೃಷ್ಣಗಿರಿಯ ಕಡೆ ಅಂಥ ಮಕ್ಕಳಿಗೆಂದೇ ಬೇರೆ ಶಾಲೆ ಇದೆ, ಅಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಸಹಿ ಹಾಕಿದರೆ ಮಗಳನ್ನು ಕೈಯಾರೆ ಕಳಿಸಿಕೊಟ್ಟಂತೆ.

ಕಾರಣ ನಮಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಮಗುವಿಗೆ ಗೊಂದಲವಾಗಿದೆ. ನನ್ನ ಗಂಡನೂ ಐದನೇ ಕ್ಲಾಸಿನವರೆಗೆ ತಮಿಳು ಶಾಲೆಯಲ್ಲಿ ಮೂಗನಂತೆ ಕೂತಿದ್ದವರೇ, ಈಗ ಫ್ಯಾಕ್ಟರಿಯಲ್ಲಿ ಮೂರೂ ಭಾಷೆಯಲ್ಲಿ ಜಗಳ ಆಡುತ್ತಾರೆ. ಇದನ್ನೇ ಟೀಚರಿಗೆ ಸ್ವಲ್ಪ ಖಾರವಾಗಿಯೇ ಹೇಳಿದೆ. ಅವರು ವಾದ ಮಾಡಲಿಲ್ಲ. ವಾದ ಮಾಡದವರು ಒಳಗೇ ತೀರ್ಮಾನ ಮಾಡಿಕೊಂಡಿರುತ್ತಾರೆ ಎಂದು ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಭಾನುವಾರ ಗಂಡ ಶಿಫ್ಟಿಗೆ ಹೋದ ಮೇಲೆ ತಪ್ಪು ಹುಡುಕಲೆಂದೇ ಪುಸ್ತಕ ತೆರೆದೆ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ತಮಿಳನ್ನು ಅಕ್ಷರ ಕೂಡಿಸಿಕೊಂಡೇ ಓದಬೇಕು. ಒಂದು ಪುಟದಲ್ಲಿ ಹೀಗಿತ್ತು: ಮಗುವಿಗೆ ಕಾಣದಂತೆ ಮೂರು ಹೆಜ್ಜೆ ಹಿಂದೆ ನಿಂತು, ಮನೆಯ ಭಾಷೆಯಲ್ಲಿ, ಮೆಲ್ಲಗೆ ಕರೆಯಿರಿ. ನಗು ಬಂತು. ಮನೆಯ ಭಾಷೆಯಲ್ಲೇ ತಾನೆ? ಸರಿ, ಇವರ ಪುಸ್ತಕವೇ ಇವರ ಬಾಯಿ ಮುಚ್ಚಿಸುತ್ತದೆ.

ಮಗಳು ಹಿತ್ತಲಿನ ಕಡೆ ಮುಖ ಮಾಡಿ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಮೂರು ಹೆಜ್ಜೆ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮೊಂಡಾಟ ಎಂದುಕೊಂಡು, ಅವಳು ಕುಣಿದಾಡಿಕೊಂಡು ಬರುವಂಥ ಮಾತನ್ನೇ ತೆಗೆದೆ.

"ಸೂಳಗಿರಿ ಅಜ್ಜಿ ಮನೆಗ್ ಹೋಗಾನೇನೆ?"

ಮುಂದಿನ ಜಗಲಿಯಲ್ಲಿ ತೂಕಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೇಳಿದರು.

"ಯಾರೇ ಹೋಗಾದು, ಇವತ್ತಾ?"

ಮಗಳು ಇನ್ನೊಂದು ಕಾಳು ಹಿತುಕಿ ಪಾತ್ರೆಗೆ ಹಾಕಿದಳು.

ಎದುರಿಗೆ ಹೋಗಿ ಕೂತೆ. ಮುಖ ನೋಡಿದ್ದೇ ನಕ್ಕಳು. ಯಾಕೆ ಮಾತಾಡಲಿಲ್ಲ ಎಂದು ಕೇಳಿದರೆ, ನನಗೇ ಬುದ್ಧಿ ಸಾಲದು ಎಂಬಂತೆ ಹೇಳಿದಳು.

"ಬೆನ್ನಿಂದೆ ನಿಂತು ಕರುದ್ರೆ ಯಾರ್ಗಮ್ಮ ಕೇಳ್ಸ್ತದೆ?"

ಅಡುಗೆಮನೆಯಿಂದ ಹತ್ತು ಸಲ ಕೂಗಿ, ಕೊನೆಗೆ ಬಂದು ಬೆನ್ನಿಗೆ ಬಾರಿಸುತ್ತಿದ್ದೆನಲ್ಲ, ಆ ಏಟುಗಳೆಲ್ಲ ನೆನಪಾದವು. ಟೀಚರನ್ನು ಅನುಮಾನಿಸಿದ್ದೆ, ತಮಿಳನ್ನು ಅನುಮಾನಿಸಿದ್ದೆ, ಈ ಪುಸ್ತಕವನ್ನಂತೂ ಬಿಡಿ. ಅವಳ ಕಿವಿಯ ಕಡೆ ಒಮ್ಮೆಯೂ ನೋಡಿರಲಿಲ್ಲ. ಅತ್ತೆಗೆ ಕಾಣದಂತೆ ಕಣ್ಣೊರೆಸಿಕೊಂಡೆ.

ಸೋಮವಾರ ಶಾಲೆಗೆ ಹೋದೆ. ಬೇರೆ ಶಾಲೆಗೆ ಕಳಿಸುವುದಿಲ್ಲ ತಾನೆ ಎಂದು ಎರಡು ಸಲ ಕೇಳಿದೆ. ಕಿವಿ ಪರೀಕ್ಷೆ ಮಾಡಿಸೋಣ, ಇದೇ ಕ್ಲಾಸು, ಮುಂದಿನ ಬೆಂಚು ಎಂದರು ಟೀಚರ್. ಫಾರಂ ಪೂರ್ತಿ ಓದಿಯೇ ಸಹಿ ಹಾಕಿದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು: ಮಗುವಿನ ತೊಂದರೆಯನ್ನು ಮನೆಯವರು ಮೊದಲು ಗಮನಿಸಿದ್ದು ಯಾವಾಗ? ಎಂಟು ವರ್ಷದ ಮಗಳು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ನಿನ್ನೆ ಎಂದು ಬರೆದೆ.