ಗುಂಡಿ ತಿರುಗಿಸಿದೀನಿ

ಹಾಸನದ ರೇಡಿಯೋ ರಿಪೇರಿ ಷಡಕ್ಷರಿ ಕೆಲಸಕ್ಕೆ ಕೂತರೆ ಎಡಗೈ ಬೆನ್ನ ಹಿಂದೆ ಹೋಗುತ್ತದೆ. ಎರಡೂ ಕೈಯಿಂದ ಮುಟ್ಟಿದರೆ ಕರೆಂಟು ಎದೆ ಹಾದುಹೋಗುತ್ತದೆಂಬ ಭಯ. ರೇಡಿಯೋದ ಗುಂಯ್ ಸದ್ದು ಅಡಗಿಸುವ ಕಂಡೆನ್ಸರನ್ನು ಅವನು ‘ಯಜಮಾನ್ರು’ ಎನ್ನುತ್ತಾನೆ. ತೆಳು ತಗಡಿನ ಎರಡು ಹಾಳೆ, ನಡುವೆ ಕಾಗದ, ಬೀಡಿಯಂತೆ ಸುತ್ತಿದ್ದು. ವೈರು ಕಿತ್ತ ಮೇಲೂ ಅದು ಕರೆಂಟು ಬಚ್ಚಿಟ್ಟುಕೊಂಡಿರುತ್ತದೆ. ಅದಕ್ಕೇ ಮರದ ಹಿಡಿಯ ತಿರುಪುಳಿಯನ್ನು ಅದರ ಎರಡು ತುದಿಗೂ ತಾಗಿಸಿ ಚಟ್ಟೆಂದು ಕಿಡಿ ಹಾರಿಸುತ್ತಾನೆ. ಕಿಡಿ ನಿಂತ ಮೇಲೂ ಮೂರು ಸಲ ತಾಗಿಸುತ್ತಾನೆ. ಅರಕಲಗೂಡಿನಿಂದ ರೇಡಿಯೋ ಹೊತ್ತು ತಂದ ಹೊಗೆಸೊಪ್ಪಿನ ತಿಮ್ಮಪ್ಪನಿಗೆ ನಗು. “ಸತ್ತ ಹಾವಿಗೆ ಎಷ್ಟು ಸಲ ಹೊಡೀತೀಯಯ್ಯ? ಆರ್ಸಿದೀಯೋ ಇಲ್ವೋ?” “ಗುಂಡಿ ತಿರುಗಿಸಿದೀನಿ ಕಣಣ್ಣ. ನೀನು ಕೈ ಇಕ್ಕಬ್ಯಾಡ.” ‘ಆರ್ಸಿದೀನಿ’ ಎಂಬ ಮಾತು ಮಾತ್ರ ಅವನ ಬಾಯಿಂದ ಹೊರಡುವುದಿಲ್ಲ. ಹಂಡೆ ಒಲೆ ಆರಿಸಿದಿರಾ ಎಂದು ಹೆಂಡತಿ ಗುರುಸಿದ್ದಮ್ಮ ಕೇಳಿದರೂ ಬರೀ ತಲೆಯಾಡಿಸುತ್ತಾನೆ. ನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಅವನಣ್ಣ ಪಾಲಾಕ್ಷ, ಬಿಚ್ಚಿದ ರೇಡಿಯೋದೊಳಗೆ ಕೈ ಹಾಕುವ ಮೊದಲು, “ಆರ್ಸಿದೀಯೇನ್ಲಾ?” ಎಂದು ಕೇಳಿದ್ದ. “ಆರ್ಸಿದೀನಿ, ಮುಟ್ಟಣ್ಣ” ಎಂದಿದ್ದ ಷಡಕ್ಷರಿ. ಪಾಲಾಕ್ಷ ಮುಟ್ಟಿದ, ಮತ್ತೆ ಏಳಲಿಲ್ಲ. ಷಡಕ್ಷರಿ ಆರಿಸಿದ್ದಂತೂ ನಿಜ.