ಪರೀಕ್ಷೆಗೆಂದು ಬೇರೆ ಕಲಸಿದ ಮಾಲು

ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಗೌಂಡಿ ಕೆಲಸದಲ್ಲಿ ಹಿಂದೆ ಬಿದ್ದವನಲ್ಲ. ವಿಜಾಪುರದ ಕಡೆಯಿಂದ ಗೋವಾಕ್ಕೆ ಬಂದು ಸಾವರ್ಡೆ, ಕುಂಕಳ್ಳಿ ಕಡೆ ಕಟ್ಟಿದ ಗೋಡೆಗಳನ್ನು ಈಗಲೂ ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯುತ್ತೇನೆ. ಒಂದು ಮಾತ್ರ ಈಗ ಇಲ್ಲ.

ಅದು ಸರ್ಕಾರಿ ಕೆಲಸ. ಕುಂಕಳ್ಳಿಯ ಹತ್ತಿರ ರಸ್ತೆಗಾಗಿ ಗುಡ್ಡ ಕಡಿದಿದ್ದರು. ಮಣ್ಣು ಜಾರದಂತೆ ಕಾಂಕ್ರೀಟಿನ ಗೋಡೆ ಎಬ್ಬಿಸಬೇಕಿತ್ತು. ಇಂಥ ಕೆಲಸಕ್ಕೆ ಒಂದು ಪದ್ಧತಿ ಇದೆ. ಗೋಡೆಗೆ ಸುರಿಯುವ ಮಾಲಿನಲ್ಲೇ ಒಂದಿಷ್ಟು ತೆಗೆದು ಕಬ್ಬಿಣದ ಚೌಕ ಅಚ್ಚಿಗೆ ತುಂಬುತ್ತಾರೆ. ಅದಕ್ಕೆ ಕ್ಯೂಬ್ ಅನ್ನುತ್ತಾರೆ. ನಾಲ್ಕು ವಾರ ನೀರಿನಲ್ಲಿಟ್ಟು, ಲ್ಯಾಬಿಗೆ ಒಯ್ದು ಮಷೀನಿನಲ್ಲಿ ಒತ್ತಿ ನೋಡುತ್ತಾರೆ. ಅದು ತಡೆದರೆ ಗೋಡೆಯೂ ಗಟ್ಟಿ ಎಂದು ಕಾಗದ ಬರುತ್ತದೆ.

ನಮ್ಮಲ್ಲಿ ಗೋಡೆಯ ಮಾಲು ಬೇರೆ, ಕ್ಯೂಬಿನ ಮಾಲು ಬೇರೆ. ಗೋಡೆಗೆ ಬೀಳಬೇಕಾದ ಸಿಮೆಂಟಿನಲ್ಲಿ ಕಂತ್ರಾಟದಾರ, ಇಂಜಿನಿಯರ್, ಅವನ ಮೇಲಿನವರು, ಎಲ್ಲರ ಪಾಲೂ ಇತ್ತು. ಗೋಡೆ ಎಬ್ಬಿಸುವುದರ ಜೊತೆ ಕ್ಯೂಬ್ ತುಂಬುವುದೂ ನನ್ನ ಕೆಲಸ. ಮರಳು ಜರಡಿ ಹಿಡಿಸಿ, ತೊಳೆಸಿ, ಸಿಮೆಂಟು ಧಾರಾಳ ಹಾಕಿ ಕಲಸುತ್ತಿದ್ದೆ. ನಾನು ತುಂಬಿದ ಒಂದೂ ಫೇಲಾಗಲಿಲ್ಲ. ಅದರ ಸೊಕ್ಕೂ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಮರಳು ತೊಳೆಯುತ್ತಿದ್ದವಳು ನಮ್ಮ ಕಡೆಯ ಹೆಣ್ಣುಮಗಳು.

"ಅಣ್ಣಾ, ಈ ಡಬ್ಬಿಗೆ ತುಪ್ಪದ ಊಟ, ಆ ಗ್ವಾಡಿಗೆ ಬರೇ ಗಂಜಿ. ಇದ್ಯಾವ ನ್ಯಾಯ?" ಅಂದಳು ಒಮ್ಮೆ.

"ಇಂವ ಮದುಮಗ ತಂಗೀ, ಹೆಣ್ಣಿನ ಕಡ್ಯಾವ್ರು ನೋಡಾಕ ಕರದಾರ. ಗ್ವಾಡಿನ ಯಾರ್ ನೋಡ್ತಾರ?"

ಇಬ್ಬರೂ ನಕ್ಕೆವು. ಅವಳ ಗುಡಿಸಲು ಆ ಗೋಡೆಯ ಬುಡದಲ್ಲೇ ಇತ್ತು.

ನಮ್ಮ ಸೂಪರ್‌ವೈಸರ್ ಗೋವಾದವನೇ. ಪೋರ್ಚುಗೀಸರ ಆಳ್ವಿಕೆಯಲ್ಲಿ ಹುಟ್ಟಿದ ಅಜ್ಜನ ಜನ್ಮದಾಖಲೆ ಹಿಡಿದು ಪೋರ್ಚುಗಲ್ ಪಾಸ್‌ಪೋರ್ಟಿಗೆ ಓಡಾಡುತ್ತಿದ್ದ. ಯುರೋಪಿನಲ್ಲಿ ಇಂಥ ಕಳ್ಳಾಟ ನಡೆಯುವುದಿಲ್ಲ ಎಂದು ದಿನಕ್ಕೆ ಎರಡು ಸಲವಾದರೂ ಹೇಳುವನು.

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಗೋಡೆ ಅವಳ ಗುಡಿಸಲ ಮೇಲೆ ಬಿತ್ತು. ಗಂಡ ಹಾಲಿಗೆ ಹೋಗಿದ್ದ. ಅವಳು ಒಲೆಯ ಮುಂದಿದ್ದಳು. ಊರಿಗೆ ಒಯ್ದು ಮಣ್ಣು ಮಾಡಿ ಬಂದರು.

ವಿಚಾರಣೆಗೆ ದೊಡ್ಡ ಸಾಹೇಬರೊಬ್ಬರು ಬಂದರು, ಕೈಯಲ್ಲಿ ಲ್ಯಾಬಿನ ಕಾಗದ. "ಗೋಡೆಗೂ ಇದೇ ಮಾಲೇನು?" ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದರು. ಇಂಜಿನಿಯರ್ ನನ್ನ ಮುಖ ನೋಡಿದ. ಹೌದು ಎಂದೆ. ಕೆಲಸ ಹೋದೀತೆಂಬ ಹೆದರಿಕೆ ಇತ್ತು ಖರೇ. ಅದಕ್ಕಿಂತ ಹೆಚ್ಚಾಗಿ, ನಾನು ಕಟ್ಟಿದ್ದು ಪೊಳ್ಳು ಎಂದು ನಾಲ್ಕು ಜನರೆದುರು ಹೇಳಲು ಬಾಯಿ ಬರಲಿಲ್ಲ. ಮಳೆ ಹೆಚ್ಚಾಗಿ ಗುಡ್ಡ ಜಾರಿತೆಂದು ಬರೆದುಕೊಂಡು ಹೋದರು.

"ನಿಮ್ಮ ಕೈ ತಪ್ಪಲ್ರಿ ಅಣ್ಣಾರ," ಎಂದು ಪಕ್ಕದಲ್ಲೇ ನಿಂತಿದ್ದ ಅವಳ ಗಂಡನೇ ನನಗೆ ಸಮಾಧಾನ ಹೇಳಿದ.

ಸೂಪರ್‌ವೈಸರ್ ಆ ಪಾಸ್‌ಪೋರ್ಟಿನ ಮೇಲೆ ಇಂಗ್ಲೆಂಡಿಗೆ ಹೋದ. ಒಂದು ಭಾನುವಾರ ಅವನ ಫೋನ್ ಬಂತು. ಅವನ ಜೊತೆ ಕೆಲಸಕ್ಕಿದ್ದವರ ದೇಶ ಯುರೋಪಿನ ಒಕ್ಕೂಟ ಸೇರಲು ತಯಾರಾಗುತ್ತಿತ್ತಂತೆ. ಮೊದಲು ಲಂಚ ನಿಲ್ಲಿಸಿ ಎಂದು ಒಕ್ಕೂಟದವರ ಷರತ್ತು. ತಪಾಸಣೆಗೆ ಬಂದಾಗ ಕಚೇರಿಯೆಲ್ಲ ಚೊಕ್ಕ, ಕಡತವೆಲ್ಲ ಸರಿ. ಅವರು ಬೆನ್ನು ತಿರುಗಿಸಿದರೆ ಮತ್ತೆ ಕೈ ಚಾಚುವುದೇ.

"ಪೂರಾ ದೇಶಾನೇ ಕ್ಯೂಬ್ ತುಂಬುತ್ತಿದೆ ಮಾರಾಯ, ನಿನ್ನನ್ನು ಕರೆಸಲೇನು?" ಎಂದು ನಕ್ಕ. ನಾನು ಫೋನ್ ಇಟ್ಟುಬಿಟ್ಟೆ.

ಅದೇ ವಾರ ಅವಳ ಗಂಡ ಮನೆಗೆ ಬಂದ.

"ಊರಾಗ ಅಕಿ ಮಣ್ಣಿನ ಮ್ಯಾಲ ಸಣ್ಣದೊಂದು ಕಟ್ಟಿ ಕಟ್ಟಸಬೇಕ್ರಿ. ಅದು ನಿಮ್ಮ ಕೈಯಿಂದನ ಆಗಬೇಕು."

ಒಪ್ಪಿಕೊಳ್ಳಲು ಆಗಲಿಲ್ಲ. ಕ್ಯೂಬಿನ ಕಥೆಯೆಲ್ಲ ಹೇಳಿದೆ. ಅವನು ತಲೆ ಎತ್ತದೆ ಕೇಳಿಸಿಕೊಂಡ.

"ಅಕಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಸಾಹೇಬ ಕೇಳಿದಾಗ ನಾ ನಿಮ್ಮ ಬಾಜೂನ ನಿಂತಿದ್ನಲ್ರಿ."

ಅವನು ಎದ್ದು ಚಪ್ಪಲಿ ಮೆಟ್ಟಿದ.

"ಕಟ್ಟಿ ಕೆಲಸಕ್ಕ ಬ್ಯಾರೆ ಗೌಂಡಿನ ನೋಡ್ತೀನ್ರಿ," ಅಂದ. ಆಗಲೂ ಬಹುವಚನ ಬಿಡಲಿಲ್ಲ.